"ಪೊಲೀಸರಿಗೆ ಮೊದಲೇ ಗೊತ್ತಿತ್ತು" ಅಂದ್ರೆ ಕೋರ್ಟಿಗೆ ಸಾಕಾಗತ್ತಾ?

ಪ್ರಶ್ನೆ: ಸರ್, ನಾನು ಕೆಲಸದ ಮೇಲೆ ಫ್ರಾಂಕ್‌ಫರ್ಟ್‌ನಲ್ಲಿದ್ದೀನಿ. ಯುರೋಪಲ್ಲಿ ಯಾವ್ದೇ ಜಿಹಾದಿ ಅಟ್ಯಾಕ್ ಆದ್ರೂ ಮಾರನೇ ದಿನ ನ್ಯೂಸಲ್ಲಿ ಒಂದೇ ಮಾತು, ಇವನು ಪೊಲೀಸರಿಗೆ ಮೊದಲೇ ಗೊತ್ತಿದ್ದವನು ಅಂತ. ಗೊತ್ತಿದ್ರೆ ಒಳಗೆ ಹಾಕೋಕೆ ಏನಡ್ಡಿ? ಹಿಡಿದ್ರೂ ಕೇಸು ವರ್ಷಗಟ್ಟಲೆ ಎಳೀತಾರೆ, ಹದಿನೈದು ವರ್ಷ ಶಿಕ್ಷೆ ಕೊಟ್ರೆ ಅದೇ ಜಾಸ್ತಿ, ಅವನ ದೇಶಕ್ಕೆ ವಾಪಸ್ ಅಟ್ಟಿ ಅಂದ್ರೆ ಹ್ಯೂಮನ್ ರೈಟ್ಸ್ ಅಂತಾರೆ. ನಮ್ಮ ಉಗ್ರ ನಿಗ್ರಹ ಕಾನೂನು ಯುಎಪಿಎ ಥರದ್ದು ಇವರಿಗೆ ಯಾಕಿಲ್ಲ?

ಉತ್ತರ: ನಿಮ್ಮ ಸಿಟ್ಟಲ್ಲಿ ಅರ್ಧ ನಂಗೂ ಇದೆ, ಇನ್ನರ್ಧ ಇಲ್ಲ. ಮೊದ್ಲು ಸರಿ ಇರೋ ಅರ್ಧಾನೇ ಹೇಳಿಬಿಡ್ತೀನಿ. 2016ರ ಡಿಸೆಂಬರ್ 19ಕ್ಕೆ ಬರ್ಲಿನ್‌ನ ಕ್ರಿಸ್‌ಮಸ್ ಮಾರ್ಕೆಟ್ ಮೇಲೆ ಲಾರಿ ಹರಿಸಿದ ಅನಿಸ್ ಅಮ್ರಿ ಟ್ಯುನೀಷಿಯಾದವನು, ಆಶ್ರಯ ಕೇಳಿದ್ದ ಅರ್ಜಿ ವಜಾ ಆಗಿತ್ತು, ಪೊಲೀಸರ 'ಗೆಫೇರ್ಡರ್' (ಅಪಾಯಕಾರಿ ಆಗಬಹುದಾದವನು) ಪಟ್ಟಿಲಿ ಹೆಸರಿತ್ತು, ತಿಂಗಳುಗಟ್ಟಲೆ ಫೋನ್ ಕದ್ದು ಕೇಳಿದ್ರು, ಕೇಳಿ ಕೇಳಿ ಇವನು ಡ್ರಗ್ಸ್ ಮಾರ್ಕೊಂಡಿರೋ ಚಿಲ್ಲರೆ ಆಸಾಮಿ ಅಂದ್ಕೊಂಡು ನಿಗಾ ಬಿಟ್ರು. ವಾಪಸ್ ಕಳಿಸೋಕೆ ಟ್ಯುನೀಷಿಯಾದ ಪೇಪರ್ ಬೇಕಿತ್ತು, ಅವರು ಮೊದ್ಲು ಇವನು ನಮ್ಮವನೇ ಅಲ್ಲ ಅಂದ್ರು, ಕೊನೆಗೆ ಆ ಪೇಪರ್ ಬಂದಿದ್ದು ಅಟ್ಯಾಕ್ ಆಗಿ ಎರಡು ದಿನಕ್ಕೆ. 12 ಜನ ಅವತ್ತೇ ಸತ್ರು, ಗಾಯ ಆಗಿದ್ದ ಒಬ್ರು 2021ರಲ್ಲಿ ತೀರ್ಕೊಂಡ್ರು. ಬರ್ಲಿನ್ ಸರ್ಕಾರ ನೇಮಿಸಿದ ವಿಶೇಷ ತನಿಖಾಧಿಕಾರಿ ಬ್ರೂನೋ ಯೋಸ್ಟ್ 2017ರಲ್ಲಿ ಕೊಟ್ಟ ವರದಿ ಓದಿದ್ರೆ ತಲೆ ಚಚ್ಕೋಬೇಕು ಅನ್ಸತ್ತೆ, ಯಾಕಂದ್ರೆ ಆ ಡ್ರಗ್ಸ್ ಕೇಸಲ್ಲೇ ಅವನನ್ನ ಒಳಗೆ ಹಾಕೋ ಅವಕಾಶ ಇತ್ತು, ಯಾರೂ ಹಾಕಲಿಲ್ಲ. ಇದು ಕಾನೂನಿನ ತಪ್ಪಲ್ಲ, ಆಫೀಸಿನ ತಪ್ಪು.

ಈಗ ನಾನು ಒಪ್ಪದೇ ಇರೋ ಅರ್ಧ. ಗೆಫೇರ್ಡರ್ ಅನ್ನೋದು ಪೊಲೀಸರು ತಮ್ಮ ಕಡತದಲ್ಲಿ ಬರ್ಕೊಳ್ಳೋ ವರ್ಗ, ಇವನಿಂದ ಅಪಾಯ ಆಗಬಹುದು ಅನ್ನೋ ಅಂದಾಜು ಅಷ್ಟೆ, ಅದೇ ಒಂದು ಅಪರಾಧ ಅಲ್ಲ. ಆ ಅಂದಾಜು ಎಲ್ಲಿಂದ ಬರತ್ತೆ? ಒಬ್ಬ ಇನ್‌ಫಾರ್ಮರ್ ಹೇಳಿರ್ತಾನೆ, ಅವನ ಹೆಸರು ಬಾಯ್ಬಿಟ್ರೆ ಅವನ ಜೀವಕ್ಕೆ ಅಪಾಯ. ಇನ್ನೊಂದು ದೇಶದ ಗುಪ್ತಚರರು ಹೇಳಿರ್ತಾರೆ, ಆದ್ರೆ ಕೋರ್ಟಲ್ಲಿ ಹೇಳಬೇಡಿ ಅನ್ನೋ ಷರತ್ತಿನ ಮೇಲೆ. ಗೊತ್ತಿರೋದನ್ನ ರುಜುವಾತು ಮಾಡಿ ತೋರಿಸೋದೇ ಈ ಕೇಸುಗಳ ಪೂರ್ತಿ ಕಷ್ಟ, ಯುರೋಪ್ 25 ವರ್ಷದಿಂದ ಒದ್ದಾಡ್ತಿರೋದು ಇದರಲ್ಲೇ.

ನೀವಿರೋ ಜರ್ಮನಿಯದ್ದೇ ಉದಾಹರಣೆ ತಗೊಳ್ಳಿ. ಹ್ಯಾಂಬರ್ಗ್‌ನಲ್ಲಿ ಇಂಜಿನಿಯರಿಂಗ್ ಓದ್ತಿದ್ದ ಮೊರೊಕ್ಕೊದ ಮುನೀರ್ ಎಲ್ ಮೊತಸ್ಸದೆಕ್, 9/11 ಪೈಲಟ್ ಮೊಹಮ್ಮದ್ ಅಟ್ಟಾನ ಗೆಳೆಯ. ಅಟ್ಟಾ ಬರೆದ ಉಯಿಲಿಗೆ ಸಾಕ್ಷಿ ಸಹಿ ಹಾಕಿದವನು ಇವನು, ಇನ್ನೊಬ್ಬ ಪೈಲಟ್ ಮರ್ವಾನ್ ಅಲ್ ಶೆಹ್ಹಿಯ ಬ್ಯಾಂಕ್ ಅಕೌಂಟ್ ನೋಡ್ಕೊಳ್ಳೋ ಅಧಿಕಾರಪತ್ರ ಇವನ ಹೆಸರಲ್ಲೇ ಇತ್ತು, ಅವರು ಅಮೆರಿಕಕ್ಕೆ ಹೋದ್ಮೇಲೆ ಇಲ್ಲಿನ ಬಿಲ್ಲು ಬಾಡಿಗೆ ಎಲ್ಲ ಕಟ್ಟಿ ಅವರು ಊರಲ್ಲೇ ಇದ್ದಾರೇನೋ ಅನ್ನೋ ಹಾಗೆ ನಡೆಸಿದ್ದ, 2000ದಲ್ಲಿ ಅಫ್ಘಾನಿಸ್ತಾನದ ಕ್ಯಾಂಪಿಗೂ ಹೋಗಿ ಬಂದಿದ್ದ. ಇಷ್ಟು ಕೇಳಿದ್ರೆ ನೀವು ನಾನು ಇಬ್ರೂ ಮುಗೀತು ಕಥೆ ಅಂತೀವಿ. 2003ರ ಫೆಬ್ರವರಿಯಲ್ಲಿ ಹ್ಯಾಂಬರ್ಗ್ ಕೋರ್ಟ್ ಕೂಡ ಹಾಗೇ ಅಂದು 15 ವರ್ಷ ಹಾಕ್ತು. ಮುಂದಿನ ವರ್ಷ ಮಾರ್ಚಲ್ಲಿ ಕಾರ್ಲ್ಸ್‌ರೂಹೆಯ ಫೆಡರಲ್ ಕೋರ್ಟ್ ಆ ತೀರ್ಪನ್ನ ರದ್ದು ಮಾಡ್ತು. ಯಾಕೆ ಗೊತ್ತಾ, ಇವನಿಗೆ ಪ್ಲಾನ್ ಗೊತ್ತಿತ್ತಾ ಇಲ್ವಾ ಅಂತ ಹೇಳಬಲ್ಲ ಒಬ್ಬನೇ ಮನುಷ್ಯ ಅದೇ ಹ್ಯಾಂಬರ್ಗ್ ಗುಂಪಿನ ರಮ್ಜಿ ಬಿನಲ್‌ಶಿಬ್, ಅವನು ಅಮೆರಿಕದವರ ಕೈಲಿ, ಎಲ್ಲೋ ಗುಟ್ಟಿನ ಜಾಗದಲ್ಲಿ. ಸಾಕ್ಷಿಗೆ ಕಳಿಸಿ ಅಂದ್ರೆ ಆಗಲ್ಲ, ಅವನು ಹೇಳಿದ್ದನ್ನಾದ್ರೂ ಕೊಡಿ ಅಂದ್ರೆ ಅದೂ ಆಗಲ್ಲ. ಆರೋಪಿಯನ್ನ ಬಿಡಿಸಬಹುದಾದ ಸಾಕ್ಷಿಯನ್ನ ಸರ್ಕಾರಗಳೇ ಬಚ್ಚಿಟ್ರೆ ಆ ಕೊರತೆಯ ಭಾರ ಆರೋಪಿ ತಲೆ ಮೇಲೆ ಬೀಳಬಾರದು ಅಂತ ಕೋರ್ಟ್ ಹೇಳ್ತು. ಅದೇ ಗುಂಪಿನ ಇನ್ನೊಬ್ಬ ವಿದ್ಯಾರ್ಥಿ ಆ ಹೊತ್ತಿಗೆ ಖುಲಾಸೆ ಆಗೇ ಹೋಗಿದ್ದ, ನೀನು ನಿರಪರಾಧಿ ಅಂತ ನಮಗೆ ಖಾತ್ರಿ ಆಗಿ ಬಿಡ್ತಿಲ್ಲ, ರುಜುವಾತು ಸಾಲದೆ ಬಿಡ್ತಿದ್ದೀವಿ ಅನ್ನೋ ಅರ್ಥದ ಮಾತನ್ನ ಜಡ್ಜ್ ಅವನ ಮುಖಕ್ಕೇ ಹೇಳಿ ಕಳಿಸಿದ್ರು.

ಮೊತಸ್ಸದೆಕ್ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಮರುವಿಚಾರಣೆ ಆಯ್ತು, ಅಮೆರಿಕ ಈ ಸಲ ವಿಚಾರಣೆಯ ಸಾರಾಂಶದ ಒಂದಿಷ್ಟು ಹಾಳೆ ಕೊಡ್ತು, ಅದರಲ್ಲಿ ಬಿನಲ್‌ಶಿಬ್ ಇವನಿಗೇನೂ ಗೊತ್ತಿರಲಿಲ್ಲ ಅಂದಿದ್ದ, ಆದ್ರೆ ಆ ಮಾತು ಹೇಗೆ ಹೊರಡಿಸಿದ್ದು, ಎಲ್ಲಿ, ಯಾರ ಮುಂದೆ ಅನ್ನೋದು ಇಲ್ಲದೆ ಅದಕ್ಕೆ ಎಷ್ಟು ಬೆಲೆ ಕೊಡೋದು? 2005ರಲ್ಲಿ ಬರೀ ಉಗ್ರ ಸಂಘಟನೆಯ ಸದಸ್ಯತ್ವಕ್ಕೆ 7 ವರ್ಷ. ಮತ್ತೆ ಅಪೀಲು. 2006ರ ನವೆಂಬರಲ್ಲಿ ಫೆಡರಲ್ ಕೋರ್ಟ್, ಪೂರ್ತಿ ಪ್ಲಾನ್ ಗೊತ್ತಿಲ್ದಿದ್ರೂ ವಿಮಾನ ಬೀಳಿಸ್ತಾರೆ ಅನ್ನೋದು ಇವನಿಗೆ ಗೊತ್ತಿತ್ತು ಅಂತ ಹೇಳಿ, ವಿಮಾನಗಳಲ್ಲಿದ್ದ 246 ಜನರ ಕೊಲೆಗೆ ನೆರವು ಕೊಟ್ಟವನು ಅಂತ ತೀರ್ಮಾನಿಸ್ತು, ಗಮನಿಸಿ, ಕಟ್ಟಡದಲ್ಲಿ ಸತ್ತ ಸಾವಿರಾರು ಜನರ ಲೆಕ್ಕ ಇದರಲ್ಲಿಲ್ಲ. 2007ರ ಜನವರಿಯಲ್ಲಿ ಮತ್ತೆ 15 ವರ್ಷ, ನೀವು ಹೇಳಿದ ಅದೇ ಹದಿನೈದು. ಜರ್ಮನಿಯಲ್ಲಿ ಜೀವಾವಧಿ ಬಿಟ್ರೆ ವರ್ಷ ಲೆಕ್ಕದಲ್ಲಿ ಕೊಡಬಹುದಾದ ಗರಿಷ್ಠ ಶಿಕ್ಷೇನೇ ಅಷ್ಟು, ನೆರವು ಕೊಟ್ಟವನಿಗೆ ಜೀವಾವಧಿ ಕೊಡೋ ಹಾಗಿಲ್ಲ. ಆ ಅವಧಿ ಹೆಚ್ಚುಕಮ್ಮಿ ಪೂರ್ತಿ ಒಳಗಿದ್ದು 2018ರಲ್ಲಿ ಮೊರೊಕ್ಕೊಗೆ ಗಡೀಪಾರಾದ.

ಬ್ರಿಟನ್‌ದು ಇನ್ನೂ ವಿಚಿತ್ರ. ಬೆಂಗಳೂರು ಏರ್‌ಪೋರ್ಟಲ್ಲಿ ನಿಮ್ಮ ಬ್ಯಾಗಿಂದ ಶಾಂಪೂ ಬಾಟಲಿ ತೆಗೆಸಿ ಡಬ್ಬಕ್ಕೆ ಹಾಕಿಸಿರಬೇಕಲ್ಲ, ಆ 100 ಎಂಎಲ್ ರೂಲ್ ಬಂದಿದ್ದು 2006ರ ಆಗಸ್ಟಲ್ಲಿ ಲಂಡನ್‌ನಲ್ಲಿ ಸಿಕ್ಕಿಬಿದ್ದ ಸಂಚಿನಿಂದ. ಕೂಲ್‌ಡ್ರಿಂಕ್ ಬಾಟಲಿಯಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟೋ ವಿಮಾನಗಳಲ್ಲಿ ಸಿಡಿಸೋ ಪ್ಲಾನ್. ವಾಲ್ಥಮ್‌ಸ್ಟೋದ ಫ್ಲ್ಯಾಟ್ ಒಳಗೆ ಪೊಲೀಸರು ಮೈಕು ಕ್ಯಾಮೆರಾ ಬಚ್ಚಿಟ್ಟು ಬಾಟಲಿಗೆ ತೂತು ಕೊರೆಯೋ ಮಾತನ್ನೂ ಕೇಳಿದ್ರು, ಸಾಯೋಕೆ ಮುಂಚಿನ ವಿಡಿಯೋಗಳು ಸಿಕ್ವು. ಆದ್ರೂ 2008ರಲ್ಲಿ ಮೊದಲ ಜ್ಯೂರಿ ಮೂವರನ್ನ ಕೊಲೆ ಸಂಚಿಗೆ ದೋಷಿ ಅಂತೇನೋ ಅಂತು, ವಿಮಾನದ ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬರಲಿಲ್ಲ, ಯಾಕಂದ್ರೆ ಆರೋಪಿಗಳು ನಾವು ಸುಮ್ನೆ ಜನರ ಗಮನ ಸೆಳೆಯೋಕೆ ಸಣ್ಣ ಸದ್ದು ಮಾಡೋಣ ಅಂತಿದ್ವಿ ಅಂತ ವಾದ ಹೂಡಿದ್ರು. ಇಲ್ಲೊಂದು ತಮಾಷೆ ನೋಡಿ. ಬ್ರಿಟನ್‌ನಲ್ಲಿ ರೂಮೊಳಗೆ ಇಟ್ಟ ಮೈಕಿನ ರೆಕಾರ್ಡಿಂಗ್ ಕೋರ್ಟಲ್ಲಿ ನಡೆಯತ್ತೆ, ಆದ್ರೆ ದಾರೀಲಿ ಕದ್ದು ಕೇಳಿದ ಫೋನು, ಕದ್ದು ಓದಿದ ಈಮೇಲು ನಡೆಯಲ್ಲ, ಗುಪ್ತಚರರ ವಿಧಾನ ಬಯಲಾಗಬಾರದು ಅಂತ ಕಾನೂನೇ ಅದನ್ನ ತಡೆದಿದೆ. ಹಾಗಾಗಿ ಪಾಕಿಸ್ತಾನದ ಜೊತೆ ಕೋಡ್ ಭಾಷೇಲಿ ನಡೆದ ಈಮೇಲುಗಳು ಅಧಿಕಾರಿಗಳ ಕಣ್ಣಿಗೆ ಬಿದ್ದಿದ್ರೂ ಜ್ಯೂರಿ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟ್ ಆರ್ಡರ್ ತಗೊಂಡು ಯಾಹೂ ಕಂಪನಿಯಿಂದಲೇ ಅದೇ ಈಮೇಲುಗಳನ್ನ ಅಧಿಕೃತವಾಗಿ ತರಿಸಿದ್ರು, 2009ರ ಎರಡನೇ ವಿಚಾರಣೇಲಿ ಮೂವರೂ ವಿಮಾನ ಸಂಚಿಗೇ ದೋಷಿ, ಮುಖಂಡನಿಗೆ ಕನಿಷ್ಠ 40 ವರ್ಷ. ಇದ್ದಿದ್ದು ಅದೇ ಮಾತು, ಬೇರೆ ಬಾಗಿಲಿಂದ ಬಂತು ಅಷ್ಟೆ. ಕೇಸು ಎಳೀತಾರೆ ಅಂತೀರಲ್ಲ, ಎಳೆಯೋದು ಬಹಳ ಸಲ ಇಂಥ ಬಾಗಿಲು ಹುಡುಕೋಕೆ.

ನಮ್ಮ ಊರಿನವರೇ ಇದರಲ್ಲಿದ್ದ ಕೇಸೂ ಇದೆ, ಗ್ಲಾಸ್ಗೊ. 2007ರ ಜೂನ್ 30ಕ್ಕೆ ಗ್ಯಾಸ್ ಸಿಲಿಂಡರ್ ತುಂಬಿದ್ದ ಜೀಪ್ ಏರ್‌ಪೋರ್ಟ್ ಬಾಗಿಲಿಗೆ ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ದಾವಣಗೆರೆಯ ಯುಬಿಡಿಟಿ ಕಾಲೇಜಲ್ಲಿ ಇಂಜಿನಿಯರಿಂಗ್ ಓದಿದ್ದವನು, ಮೈಯೆಲ್ಲಾ ಸುಟ್ಟು ಒಂದು ತಿಂಗಳಿಗೆ ಸತ್ತ. ಜೊತೇಲಿದ್ದ ಡಾಕ್ಟರ್ ಬಿಲಾಲ್ ಅಬ್ದುಲ್ಲಾಗೆ ಜೀವಾವಧಿ, ಕನಿಷ್ಠ 32 ವರ್ಷ. ಇವರಿಬ್ಬರ ಜೊತೆ ಒಡನಾಟ ಇತ್ತು ಅಂತ ಹಿಡಿದಿದ್ದ ಮತ್ತೊಬ್ಬ ಡಾಕ್ಟರನ್ನ ಜ್ಯೂರಿ ಖುಲಾಸೆ ಮಾಡ್ತು. ಲಿವರ್‌ಪೂಲ್‌ನಲ್ಲಿದ್ದ ಕಫೀಲ್‌ನ ತಮ್ಮನ ವಿಷಯ ಗಮನಿಸಿ. ಅಣ್ಣ ಹೋಗೋಕೆ ಮುಂಚೆ ಒಂದು ಮೆಸೇಜ್ ಕಳಿಸಿ ಈಮೇಲ್ ತೆಗೆದು ನೋಡು ಅಂದಿದ್ದ, ತಮ್ಮ ಅದನ್ನ ಓದಿದ್ದು ಅಟ್ಯಾಕ್ ಆದ್ಮೇಲೆ, ಮೊದ್ಲೇನೂ ಗೊತ್ತಿರಲಿಲ್ಲ ಅಂತ ಪ್ರಾಸಿಕ್ಯೂಷನ್ನೇ ಒಪ್ಪಿಕೊಳ್ತು, ಆದ್ರೆ ಓದಿದ್ಮೇಲೆ ಪೊಲೀಸರಿಗೆ ಹೇಳಲಿಲ್ಲ. ಮಾಹಿತಿ ಮುಚ್ಚಿಟ್ಟಿದ್ದಕ್ಕೆ 18 ತಿಂಗಳು, ಅದರಷ್ಟು ಆಗಲೇ ಒಳಗೆ ಕಳೆದಿದ್ರಿಂದ ಊರಿಗೆ ವಾಪಸ್. ಒಂದೇ ಘಟನೆ, ಕೋರ್ಟ್ ಮುಂದೆ ಬಂದ ಮೂರು ಜನ, ಮೂರು ಥರದ ಫಲ. ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಲಿಲ್ಲ ಅನ್ನೋದು ನನ್ನ ಪ್ರಕಾರ ಆ ಕೋರ್ಟಿನ ದೊಡ್ಡ ಕೆಲಸ.

ಹಗ್ಗ ಒಂದೇ ಆದಾಗ ಏನಾಗತ್ತೆ ಅಂತ ನೋಡ್ಬೇಕಾ, ಅದೇ ವಾರ ಆಸ್ಟ್ರೇಲಿಯಾದಲ್ಲಿ ಮೂಡಿಗೆರೆ ಮೂಲದ ಡಾಕ್ಟರ್ ಮೊಹಮ್ಮದ್ ಹನೀಫ್ ಅವರನ್ನ ಹಿಡಿದ್ರಲ್ಲ, ಆಗ ನಮ್ಮ ಟಿವಿಗಳಲ್ಲಿ ಬೆಳಗಿಂದ ರಾತ್ರಿವರೆಗೂ ಅದೇ. ಸಂಬಂಧಿ ಅಂತ ತಮ್ಮ ಹಳೇ ಸಿಮ್ ಕಾರ್ಡನ್ನ ಬ್ರಿಟನ್ ಬಿಡುವಾಗ ಕಫೀಲನ ಆ ತಮ್ಮನಿಗೆ ಕೊಟ್ಟು ಬಂದಿದ್ರು, ಆ ಸಿಮ್ ಉರಿದ ಜೀಪಲ್ಲೇ ಸಿಕ್ತು ಅಂತ ಕೋರ್ಟಲ್ಲಿ ಹೇಳಿದ್ರು, ನೋಡಿದ್ರೆ ಅದಿದ್ದಿದ್ದು ಲಿವರ್‌ಪೂಲಲ್ಲಿ ತಮ್ಮನ ಹತ್ರ. ತಿಂಗಳು ಮುಗಿಯೋದ್ರೊಳಗೆ ಕೇಸು ವಾಪಸ್, ಆಮೇಲೆ ನಡೆದ ಅಧಿಕೃತ ವಿಚಾರಣೇಲಿ ಅವರ ಮೇಲೆ ಏನೂ ಇಲ್ಲ ಅಂತ ಸಾಬೀತಾಯ್ತು, 2010ರಲ್ಲಿ ಪರಿಹಾರ ಕೊಟ್ರು. "ಗೊತ್ತಿತ್ತು" ಅನ್ನೋದರ ಮೇಲೇ ಒಳಗೆ ಹಾಕ್ಬೇಕು ಅನ್ನೋವ್ರು ಈ ಸಿಮ್ ಕಾರ್ಡನ್ನ ನೆನಪಲ್ಲಿ ಇಟ್ಕೋಬೇಕು.

ಹಾಗಂತ ಯುರೋಪಿನ ಕಾನೂನು ಮೆತ್ತಗಿದೆ ಅಂತ ತಿಳ್ಕೊಂಡ್ರೆ ತಪ್ಪು. ಬಾಂಬ್ ಸಿಡಿಯೋತನಕ ಕಾಯೋಕಾಗಲ್ಲ ಅಂತ ಅವರೆಲ್ಲ ಅಪರಾಧ ಅನ್ನೋ ಗೆರೆಯನ್ನೇ ಹಿಂದಕ್ಕೆ ಎಳ್ಕೊಂಡು ಬಂದಿದ್ದಾರೆ. ಫ್ರಾನ್ಸಲ್ಲಿ 1996ರಿಂದ ಉಗ್ರ ಕೃತ್ಯದ ತಯಾರಿಗೆ ಗುಂಪು ಸೇರಿದ್ರೇ ಅಪರಾಧ, ಯಾವ ಕೃತ್ಯ, ಯಾವತ್ತು ಅಂತ ತೋರಿಸಬೇಕಿಲ್ಲ. ಜರ್ಮನಿ 9/11 ಆದ್ಮೇಲೆ ವಿದೇಶಿ ಉಗ್ರ ಸಂಘಟನೆಯ ಸದಸ್ಯತ್ವವನ್ನೂ 2009ರಲ್ಲಿ ತಯಾರಿಯನ್ನೂ ಅಪರಾಧ ಮಾಡ್ತು. ಬ್ರಿಟನ್‌ನಲ್ಲಿ 2006ರ ಕಾನೂನಿನ ಪ್ರಕಾರ ತಯಾರಿಗೇ ಜೀವಾವಧಿ ತನಕ ಕೊಡಬಹುದು. ಅಂಜೆಮ್ ಚೌಧರಿ ಅನ್ನೋ ಭಾಷಣಕಾರ ಇಪ್ಪತ್ತು ವರ್ಷ ಕಾನೂನಿನ ಅಂಚಲ್ಲೇ ನಡ್ಕೊಂಡು ಓಡಾಡ್ತಿದ್ದ, ಅವನೂ ವಕೀಲಿಕೆ ಮಾಡಿದ್ದವನು ತಾನೆ, ಗೆರೆ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು. 2016ರಲ್ಲಿ ಐಸಿಸ್‌ಗೆ ಬೆಂಬಲ ಕೇಳಿದ್ದಕ್ಕೆ ಐದೂವರೆ ವರ್ಷ, ಹೊರಗೆ ಬಂದು ನ್ಯೂಯಾರ್ಕಿನ ಶಿಷ್ಯರಿಗೆ ಆನ್‌ಲೈನ್ ಪಾಠ ಶುರು ಹಚ್ಕೊಂಡ, ಆ ಕ್ಲಾಸಲ್ಲಿ ಅಮೆರಿಕದ ಅಂಡರ್‌ಕವರ್ ಪೊಲೀಸರೂ ಶಿಷ್ಯರ ಹಾಗೇ ಕೂತಿದ್ರು. 2024ರ ಜುಲೈಯಲ್ಲಿ ಜೀವಾವಧಿ, ಕನಿಷ್ಠ 28 ವರ್ಷ.

ಗೆರೆ ಹಿಂದಕ್ಕೆ ಎಳೆದಷ್ಟೂ ಅಮಾಯಕರೂ ಅರೆಹುಚ್ಚರೂ ಅದರೊಳಗೆ ಬರ್ತಾರೆ. ಹೀಥ್ರೋ ಏರ್‌ಪೋರ್ಟಿನ ಅಂಗಡೀಲಿ ಕೆಲಸ ಮಾಡ್ತಿದ್ದ ಹುಡುಗಿಯೊಬ್ಬಳು ಬಿಲ್ಲಿನ ಹಿಂಭಾಗದಲ್ಲಿ ಹುತಾತ್ಮಳಾಗೋ ಆಸೆಯ ಸಾಲು ಗೀಚ್ತಿದ್ಲು, ಆನ್‌ಲೈನಲ್ಲಿ ಭಯಾನಕ ಪದ್ಯ ಬರೀತಿದ್ಲು, ಮನೇಲಿ ಕಂಪ್ಯೂಟರಲ್ಲಿ ಒಂದಿಷ್ಟು ಕೈಪಿಡಿ ಡೌನ್‌ಲೋಡ್ ಮಾಡಿಟ್ಟಿದ್ಲು. 2007ರಲ್ಲಿ ಉಗ್ರರಿಗೆ ಉಪಯೋಗ ಆಗೋ ಮಾಹಿತಿ ಇಟ್ಕೊಂಡಿದ್ದಕ್ಕೆ ದೋಷಿ ಅಂದ್ರು, ಮುಂದಿನ ವರ್ಷ ಅಪೀಲು ಕೋರ್ಟ್ ಅದನ್ನ ಹೊಡೆದು ಹಾಕ್ತು. ಬರೀ ಪ್ರಚಾರ ಸಾಹಿತ್ಯ ಸಾಲಲ್ಲ, ಕೃತ್ಯಕ್ಕೆ ನಿಜವಾಗಿ ನೆರವಾಗೋ ಮಾಹಿತಿ ಆಗಿರಬೇಕು ಅಂತ ಅಷ್ಟರಲ್ಲಿ ಬೇರೊಂದು ಕೇಸಲ್ಲಿ ಸ್ಪಷ್ಟವಾಗಿತ್ತು.

ಪ್ಯಾರಿಸ್ ಕೇಸು ಹೇಳದೆ ಮುಂದೆ ಹೋಗೋ ಹಾಗಿಲ್ಲ. 2015ರ ನವೆಂಬರ್ 13, 130 ಜನ ಸತ್ರು. ವಿಚಾರಣೆ 2021ರ ಸೆಪ್ಟೆಂಬರಿಂದ 2022ರ ಜೂನ್ 29ರ ತನಕ, ಅದಕ್ಕಂತಲೇ ಹಳೇ ಅರಮನೆಯಂಥ ಕೋರ್ಟ್ ಒಳಗೆ ಹೊಸ ಹಾಲ್ ಕಟ್ಟಿಸಿದ್ರು, 20 ಆರೋಪಿಗಳಲ್ಲಿ 14 ಜನ ಕಟಕಟೇಲಿ. ಐದು ಜನ ಜಡ್ಜ್‌ಗಳು, ಜ್ಯೂರಿ ಇಲ್ಲ, ಯಾಕಂದ್ರೆ 1986ರಲ್ಲೇ ಫ್ರಾನ್ಸ್ ಇಂಥ ಕೇಸಿಗೆ ಜ್ಯೂರಿ ಸಹವಾಸವೇ ಬೇಡ ಅಂತು, ಅದೇ ವರ್ಷದ ಕೊನೇಲಿ ಒಂದು ಎಡಪಂಥೀಯ ಉಗ್ರರ ಕೇಸಲ್ಲಿ ಆರೋಪಿ ಬೆದರಿಕೆ ಹಾಕಿ ಜ್ಯೂರಿಯವರು ಕೋರ್ಟಿಗೆ ಬರೋದೇ ನಿಲ್ಲಿಸಿದ್ಮೇಲೆ ಬಾಕಿ ಇದ್ದ ಹಳೇ ಕೇಸುಗಳಿಗೂ ಅದನ್ನೇ ಹಾಕ್ತು. ದಾಳಿ ಮಾಡಿದವರಲ್ಲಿ ಬದುಕುಳಿದ ಸಲಾಹ್ ಅಬ್ದೆಸ್ಲಾಮ್ ಯಾರನ್ನೂ ಕೈಯಾರೆ ಕೊಂದಿರಲಿಲ್ಲ, ಬಾಂಬ್ ಬೆಲ್ಟ್ ನಾನೇ ಬೇಡ ಅಂತ ಬಿಸಾಕಿದೆ ಅಂದ. ಕೋರ್ಟ್ ನಂಬಲಿಲ್ಲ, ಆ ಬೆಲ್ಟ್ ಕೆಟ್ಟಿತ್ತು ಅಂತ ಎಕ್ಸ್‌ಪರ್ಟ್‌ಗಳು ಹೇಳಿದ್ರು. ಅವತ್ತು ರಾತ್ರಿ ನಡೆದದ್ದೆಲ್ಲ ಒಂದೇ ಕೃತ್ಯ ಅಂತ ಹಿಡಿದು, ಅವನು ಕಾಲೇ ಇಡದ ಬಟಾಕ್ಲಾನ್ ಅನ್ನೋ ಸಂಗೀತ ಸಭಾಂಗಣದ ಒಳಗೆ ಪೊಲೀಸರ ಮೇಲಾದ ಗುಂಡಿನ ದಾಳಿಗೂ ಅವನನ್ನ ಪಾಲುದಾರ ಮಾಡಿ ಫ್ರಾನ್ಸಿನ ಅತಿ ಕಠಿಣ ಜೀವಾವಧಿ ಕೊಡ್ತು, 30 ವರ್ಷ ಆಗೋ ತನಕ ಬಿಡುಗಡೆ ಮಾತೇ ಎತ್ತೋ ಹಾಗಿಲ್ಲ. ಸರಿನಾ ಅಂತ ವಕೀಲರಲ್ಲೇ ಇನ್ನೂ ಜಗಳ ಇದೆ, ನನಗೂ ಆ "ಒಂದೇ ಕೃತ್ಯ" ಅನ್ನೋ ವಾದ ಸ್ವಲ್ಪ ಎಳೆದಿದ್ದು ಅನ್ಸತ್ತೆ. ಅವನು ಅಪೀಲಿಗೂ ಹೋಗಲಿಲ್ಲ. ಬ್ರಸೆಲ್ಸ್ ದಾಳಿಯ ಕೇಸಲ್ಲೂ, ಅಂದ್ರೆ ಬೆಂಗಳೂರಿನ ಇನ್ಫೋಸಿಸ್‌ನ ಉದ್ಯೋಗಿಯೊಬ್ರು ಮೆಟ್ರೋದಲ್ಲಿ ಸತ್ರಲ್ಲ 2016ರ ಮಾರ್ಚ್ 22ಕ್ಕೆ, ಅದರಲ್ಲೂ 2023ರಲ್ಲಿ ಅವನು ದೋಷಿ. ಅಲ್ಲಿ ಮಾತ್ರ 12 ಜನ ಸಾಮಾನ್ಯ ಪ್ರಜೆಗಳ ಜ್ಯೂರಿ, ಹಳೇ ನೇಟೋ ಕಚೇರಿಯಲ್ಲಿ ಕೂತು ಕೇಳಿತ್ತು. ಆರೋಪಿಗಳನ್ನ ಒಬ್ಬೊಬ್ಬರಾಗಿ ಗಾಜಿನ ಡಬ್ಬಿಯೊಳಗೆ ಕೂರಿಸೋಕೆ ಹೋಗಿ, ಇದು ನ್ಯಾಯವಾದ ವಿಚಾರಣೆಗೆ ಸಲ್ಲದು ಅಂತ ಜಡ್ಜ್ ಹೇಳಿದ್ಮೇಲೆ ಕಿತ್ತು ಬೇರೆ ಕಟ್ಟಿದ್ರು, ಅದಕ್ಕೇ ತಿಂಗಳುಗಳು ಹೋದ್ವು.

ಇನ್ನು ಗಡೀಪಾರು. ಇದರ ಮೂಲ ತೀರ್ಪು ಇಸ್ಲಾಮಿಸ್ಟ್ ಕೇಸಲ್ಲ, ನಮ್ಮ ದೇಶದ್ದು. ಚಹಲ್ ಅನ್ನೋ ಸಿಖ್ ಪ್ರತ್ಯೇಕತಾವಾದಿಯನ್ನ ಬ್ರಿಟನ್ ಭಾರತಕ್ಕೆ ಕಳಿಸೋಕೆ ಹೊರಟಾಗ, ಪಂಜಾಬ್ ಪೊಲೀಸರ ಕೈಲಿ ಚಿತ್ರಹಿಂಸೆ ಆಗೋ ನಿಜವಾದ ಅಪಾಯ ಇದೆ ಅಂತ 1996ರಲ್ಲಿ ಸ್ಟ್ರಾಸ್‌ಬೂರ್ಗ್‌ನ ಮಾನವ ಹಕ್ಕು ಕೋರ್ಟ್ ತಡೀತು, ಮನುಷ್ಯ ಎಷ್ಟೇ ಅಪಾಯಕಾರಿ ಆಗಿರ್ಲಿ ಈ ವಿಷಯದಲ್ಲಿ ರಿಯಾಯಿತಿ ಇಲ್ಲ ಅಂತು. ಅದೇ ಗೋಡೆಗೆ ಬ್ರಿಟನ್ ಅಬು ಕತಾದಾ ವಿಷಯದಲ್ಲಿ ಹತ್ತು ವರ್ಷ ತಲೆ ಗುದ್ದಿಕೊಳ್ತು. ಜೋರ್ಡನ್ ಮೂಲದ ಬೋಧಕ, ಅಲ್ ಕೈದಾದವರು ಗೌರವಿಸ್ತಿದ್ದ ಮನುಷ್ಯ, ಬ್ರಿಟನ್‌ನಲ್ಲಿ ಒಂದೂ ಟೆರರ್ ಕೇಸಲ್ಲಿ ದೋಷಿ ಆಗಲಿಲ್ಲ. ಮೊದ್ಲು ವಿಚಾರಣೆ ಇಲ್ದೆ ಜೈಲಲ್ಲಿ ಇಟ್ರು, ವಿದೇಶಿಯರನ್ನ ಮಾತ್ರ ಹಾಗೆ ಇಡೋದು ಆಗಲ್ಲ ಅಂತ 2004ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ಕೋರ್ಟ್ ಹೌಸ್ ಆಫ್ ಲಾರ್ಡ್ಸ್ 8-1ರಲ್ಲಿ ತಳ್ಳಿಹಾಕ್ತು. ಗಡೀಪಾರು ಮಾಡೋಣ ಅಂದ್ರೆ ಜೋರ್ಡನ್‌ನಲ್ಲಿ ಅವನ ವಿರುದ್ಧ ಇದ್ದ ಹೇಳಿಕೆಗಳು ಬೇರೆಯವರಿಗೆ ಹಿಂಸೆ ಕೊಟ್ಟು ಬರೆಸಿಕೊಂಡವು ಅಂತ 2012ರಲ್ಲಿ ಸ್ಟ್ರಾಸ್‌ಬೂರ್ಗ್ ತಡೀತು. ಕೊನೆಗೆ ಅಂಥ ಹೇಳಿಕೆ ಬಳಸಲ್ಲ ಅಂತ ಎರಡು ದೇಶ ಒಪ್ಪಂದಕ್ಕೆ ಸಹಿ ಹಾಕಿ 2013ರ ಜುಲೈಯಲ್ಲಿ ವಿಮಾನ ಹತ್ತಿಸಿದ್ರು, ಲಂಡನ್ ಪತ್ರಿಕೆಗಳು ಪಟಾಕಿ ಹೊಡೆಯೋದೊಂದು ಬಾಕಿ. 2014ರಲ್ಲಿ ಜೋರ್ಡನ್ ಕೋರ್ಟೇ ಎರಡೂ ಕೇಸಲ್ಲಿ ರುಜುವಾತು ಇಲ್ಲ ಅಂತ ಬಿಟ್ಟುಬಿಡ್ತು! ಇಟಲಿಯವರು ಮಾತ್ರ ಇಷ್ಟೆಲ್ಲಾ ರಗಳೆ ಬೇಡ ಅಂತ ಗೃಹ ಸಚಿವರ ಆದೇಶದ ಮೇಲೆ ನೂರಾರು ಜನರನ್ನ ಹೊರಗೆ ಕಳಿಸಿದ್ದಾರೆ, ಕೋರ್ಟಲ್ಲಿ ನಿಲ್ಲೋ ಕೇಸು ಆಗಿದ್ರೂ ಕಳಿಸಿಬಿಟ್ರೆ ಅವನು ಅಲ್ಲಿ ಹೋಗಿ ಏನ್ ಮಾಡ್ತಾನೆ ಅನ್ನೋದು ಇನ್ನೊಬ್ಬರ ತಲೆನೋವು.

ಶಿಕ್ಷೆ ಮುಗಿಸಿ ಬಂದವರ ಭಯ ಇದೆಯಲ್ಲ, ಅದನ್ನ ನಾನು ತಳ್ಳಿಹಾಕಲ್ಲ. 2012ರಲ್ಲಿ ದೋಷಿಯಾದ ಉಸ್ಮಾನ್ ಖಾನ್ ಅರ್ಧ ಶಿಕ್ಷೆ ಮುಗಿಸಿ ಹೊರಬಂದು, 2019ರ ನವೆಂಬರಲ್ಲಿ ಲಂಡನ್ ಬ್ರಿಡ್ಜ್ ಹತ್ರ, ಕೈದಿಗಳ ಸುಧಾರಣೆಗೆ ಅಂತಲೇ ನಡೀತಿದ್ದ ಸಭೆಯಲ್ಲಿ ಇಬ್ಬರನ್ನ ಚುಚ್ಚಿ ಕೊಂದ. ಬ್ರಿಟನ್ ಮೂರೇ ತಿಂಗಳಲ್ಲಿ ಕಾನೂನು ಬದಲಾಯಿಸಿ, ಟೆರರ್ ಕೇಸಿನವರಿಗೆ ಮೂರರಲ್ಲಿ ಎರಡು ಭಾಗ ಶಿಕ್ಷೆ ಆಗಬೇಕು, ಆಮೇಲೂ ಪೆರೋಲ್ ಬೋರ್ಡ್ ಒಪ್ಪಬೇಕು ಅಂತ ಮಾಡ್ತು.

ಯುಎಪಿಎ ಹೋಲಿಕೆಗೆ ಬರೋಣ. ನಮ್ಮಲ್ಲಿ ಚಾರ್ಜ್‌ಶೀಟ್ ಹಾಕೋಕೇ 180 ದಿನದ ತನಕ ಸಿಗತ್ತೆ, ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದ್ರೆ ಸಾಕು, ಜಾಮೀನಿಲ್ಲ. ಬ್ರಿಟನ್‌ನಲ್ಲಿ ಚಾರ್ಜ್ ಮಾಡದೆ ಇಟ್ಕೊಳ್ಳೋಕೆ 14 ದಿನ, ಟೋನಿ ಬ್ಲೇರ್ 2005ರಲ್ಲಿ 90 ದಿನ ಕೇಳಿ ಸ್ವಂತ ಪಕ್ಷದವರ ಮತ ಕೂಡ ಕಳ್ಕೊಂಡು ಸಂಸತ್ತಲ್ಲಿ ಸೋತ್ರು. ಫ್ರಾನ್ಸ್ ಮಾತ್ರ ನಮ್ಮ ಹತ್ರ ಬರತ್ತೆ, ಗಂಭೀರ ಟೆರರ್ ಕೇಸಲ್ಲಿ ತನಿಖೆ ಹಂತದಲ್ಲೇ 4 ವರ್ಷದ ತನಕ ಒಳಗೇ ಇಡಬಹುದು. ವ್ಯತ್ಯಾಸ ಏನಂದ್ರೆ ಅಲ್ಲಿ ಹಾಗೆ ಒಳಗಿಡೋಕೆ ಕಾನೂನೇ ಮಿತಿ ಹಾಕಿದೆ, ನಮ್ಮಲ್ಲಿ ಹತ್ತು ವರ್ಷ ಒಳಗಿದ್ದು ಖುಲಾಸೆ ಆಗಿ ಬರೋವ್ರಿದ್ದಾರೆ. ಅದನ್ನ ಯುರೋಪಿಗೆ ರಫ್ತು ಮಾಡಿ ಅಂತ ನಾನಂತೂ ಹೇಳಲ್ಲ.

ಕೊನೇದಾಗಿ ಒಂದು ಮಾತು, ನೀವು ಫ್ರಾಂಕ್‌ಫರ್ಟಲ್ಲೇ ಇರೋದ್ರಿಂದ. ಐಸಿಸ್‌ನವರು ಯಾಜಿದಿಗಳ ಮೇಲೆ ಮಾಡಿದ್ದು ನರಮೇಧ ಅಂತ ಜಗತ್ತಲ್ಲಿ ಮೊದಲ ಸಲ ಒಬ್ಬನಿಗೆ ಶಿಕ್ಷೆ ಕೊಟ್ಟಿದ್ದು ನಿಮ್ಮ ಊರಿನ ಹೈಕೋರ್ಟೇ, 2021ರ ನವೆಂಬರ್ 30ಕ್ಕೆ. ಆರೋಪಿ ತಾಹಾ ಅಲ್ ಜುಮೈಲಿ ಇರಾಕಿನವನು, ಕೃತ್ಯ ನಡೆದಿದ್ದು ಫಲ್ಲೂಜಾದಲ್ಲಿ, ಗುಲಾಮಳಾಗಿ ಕೊಂಡಿದ್ದ ತಾಯಿಯ ಐದು ವರ್ಷದ ಮಗಳನ್ನ ಹಾಸಿಗೆ ಒದ್ದೆ ಮಾಡ್ಕೊಂಡ್ಲು ಅಂತ ಬಿಸಿಲಲ್ಲಿ ಕಟ್ಟಿಹಾಕಿ ಸಾಯಿಸಿದ್ದು. ಅವನ ಜರ್ಮನ್ ಹೆಂಡತಿ 2018ರಲ್ಲಿ ಮತ್ತೆ ಸಿರಿಯಾಗೆ ಹೊರಟಾಗ ಕಾರ್ ಓಡಿಸ್ತಿದ್ದವನು ಇನ್‌ಫಾರ್ಮರ್, ಕಾರೊಳಗೆ ಮೈಕು, ದಾರಿಯುದ್ದಕ್ಕೂ ಅವಳೇ ಈ ಮಗುವಿನ ಕಥೆ ಹೇಳಿದ್ಲು, ಕೇಸು ಶುರುವಾಗಿದ್ದೇ ಅಲ್ಲಿಂದ. ಆ ಮಗುವಿನ ತಾಯಿಯನ್ನ ಹುಡುಕಿ ಕರೆಸಿ ಸಾಕ್ಷಿ ಕೇಳಿದ್ರು. ಹೀಗೆ ಕಟ್ಟಿದ ಕೇಸು ಅದು. ನಿಮ್ಮ ಕೋರ್ಟಲ್ಲಿ ಇಂಥ ವಿಚಾರಣೆ ಆಗಾಗ ನಡೀತಾನೇ ಇರತ್ತೆ, ಸಾರ್ವಜನಿಕರು ಹೋಗಿ ಕೂರಬಹುದು, ಪಾಸ್‌ಪೋರ್ಟ್ ತಗೊಂಡು ಹೋಗಿ, ಫೋನ್ ಹೊರಗೇ ಇಡಿಸ್ಕೋಬಹುದು, ಎಲ್ಲ ಜರ್ಮನ್‌ನಲ್ಲೇ ಇರತ್ತೆ, ವಾರಕ್ಕೆ ಒಂದೆರಡು ದಿನ ಮಾತ್ರ ಕೂರ್ತಾರೆ. ಒಂದು ದಿನ ರಜೆ ಹಾಕಿ ಹೋಗಿ ಬನ್ನಿ, ಆಮೇಲೂ ಪ್ರಶ್ನೆ ಉಳಿದ್ರೆ ಮತ್ತೆ ಬರೀರಿ.